ನಕ್ಷತ್ರಕ್ಕೆ ಬಾಲ ಬಂದರೆ: ಕನ್ನಡಿ ದೂರದರ್ಶಕದ ನಾಲ್ಕು ಶತಮಾನ



ಆಗಮನ ಕಾಲ ಬಂತೆಂದರೆ ನಮ್ಮ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗಾಡುತ್ತವೆ. ಐದು ಮೂಲೆಯದು, ಆರು ಮೂಲೆಯದು, ಕೆಲವಕ್ಕೆ ಕೆಳಗೊಂದು ಉದ್ದನೆಯ ಬಾಲ. ಆದರೆ ಆಕಾಶದ ನಕ್ಷತ್ರಕ್ಕೆ ಮೂಲೆಯೂ ಇಲ್ಲ, ಬಾಲವೂ ಇಲ್ಲ. ಅದು ಎಷ್ಟು ದೂರದಲ್ಲಿದೆ ಎಂದರೆ ನಮ್ಮ ಕೈಗೆ ಸಿಗುವ ಯಾವ ದೂರದರ್ಶಕದಲ್ಲಿ ನೋಡಿದರೂ ಚುಕ್ಕಿಯಾಗಿಯೇ ಕಾಣಬೇಕು. ಹಾಗೆ ಕಾಣದೆ ಬಾಲ, ಶಿಲುಬೆ, ತ್ರಿಕೋನ ಅಥವಾ ಮಂಜಿನ ಉಂಡೆಯಂತೆ ಕಂಡರೆ ತಪ್ಪು ನಕ್ಷತ್ರದ್ದಲ್ಲ. ಕನ್ನಡಿಯದ್ದು, ಕೊಳವೆಯದ್ದು, ನಡುವಿನ ಗಾಳಿಯದ್ದು, ಇಲ್ಲವೇ ನೋಡುವವರ ಕಣ್ಣಿನದ್ದು. ಯಾವುದರದ್ದು ಎಂದು ಕಂಡುಹಿಡಿಯುವುದನ್ನು ಕಲಿಯಲು ಮನುಷ್ಯರಿಗೆ ಸುಮಾರು ನಾಲ್ಕು ನೂರು ವರ್ಷ ಬೇಕಾಯಿತು. ಆ ಕಥೆಯನ್ನೇ ಈ ಬಾರಿ ಬರೆಯುತ್ತಿದ್ದೇವೆ. ಗಡಿಯ ಈಚೆ ಇರುವ ನಮ್ಮಲ್ಲಿ ಅನೇಕರು ವಿಜ್ಞಾನವನ್ನು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಓದಿದವರು. ಆದ್ದರಿಂದ ಶಾಲೆಯಲ್ಲಿ ಕೇಳಿದ ಕೆಲವು ಪದಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.

ಕಥೆಯ ಮೊದಲ ಹೆಸರು ಯೇಸುಸಭೆಯ ಒಬ್ಬರದ್ದು. ನಿಕೊಲೊ ಝುಕ್ಕಿ 1586ರಲ್ಲಿ ಇಟಲಿಯ ಪಾರ್ಮಾದಲ್ಲಿ ಹುಟ್ಟಿದವರು, ಮುಂದೆ ರೋಮಿನಲ್ಲಿ ಗಣಿತ ಕಲಿಸಿದವರು. ಗೆಲಿಲಿಯೋ ಮಸೂರಗಳ ದೂರದರ್ಶಕವನ್ನು ಆಕಾಶದತ್ತ ತಿರುಗಿಸಿ ಕೆಲವೇ ವರ್ಷಗಳಾಗಿದ್ದವು. ಮಸೂರದ ಕೆಲಸವನ್ನು ಒಳಬಾಗಿದ ಕನ್ನಡಿಯೇ ಮಾಡಬಾರದೇಕೆ ಎಂದು ಝುಕ್ಕಿ ಯೋಚಿಸಿದರು. 1616ರಲ್ಲಿ ನುರಿತ ಕುಶಲಕರ್ಮಿ ಮಾಡಿದ ಕಂಚಿನ ಕನ್ನಡಿಯೊಂದನ್ನು ಹಿಡಿದು, ಅದರಿಂದ ಮರಳಿ ಬಂದ ಬೆಳಕನ್ನು ಒಂದು ನಿಮ್ನ ಮಸೂರದ ಮೂಲಕ ನೋಡಿದರು. ಇದನ್ನು ಅವರೇ 1652ರಲ್ಲಿ ಪ್ರಕಟವಾದ ತಮ್ಮ ದೃಗ್ವಿಜ್ಞಾನದ ಗ್ರಂಥದಲ್ಲಿ ಹೇಳಿಕೊಂಡಿದ್ದಾರೆ. ಬಿಂಬ ಚೆನ್ನಾಗಿ ಬರಲಿಲ್ಲ. ಅವರು ಮತ್ತೆ ಮಸೂರದ ದೂರದರ್ಶಕಕ್ಕೇ ಮರಳಿದರು.

ಏಕೆ ಚೆನ್ನಾಗಿ ಬರಲಿಲ್ಲ? ಕನ್ನಡಿಯ ಎದುರಿಗೆ ತಲೆ ಇಟ್ಟರೆ ಬರುವ ಬೆಳಕಿಗೆ ತಲೆಯೇ ಅಡ್ಡ. ತಲೆ ತಪ್ಪಿಸಲು ಕನ್ನಡಿಯನ್ನು ವಾರೆ ಮಾಡಬೇಕು. ವಾರೆ ಮಾಡಿದ ಒಳಬಾಗಿದ ಕನ್ನಡಿ ಎಷ್ಟೇ ನಯವಾಗಿದ್ದರೂ ಚುಕ್ಕಿಯನ್ನು ಚುಕ್ಕಿಯಾಗಿ ಕೂಡಿಸುವುದಿಲ್ಲ. ಒಂದು ಕಡೆಗೆ ಎಳೆದುಬಿಡುತ್ತದೆ. ಈ ಎಳೆತದ ಒಂದು ಬಗೆಗೆ ಕೋಮಾ ಎಂದು ಹೆಸರು. ಆಸ್ಪತ್ರೆಯ ಕೋಮಾ ಅಲ್ಲ, ಕೂದಲು ಎಂಬ ಅರ್ಥದ ಗ್ರೀಕ್ ಪದ. ಧೂಮಕೇತುವಿನ ತಲೆಯ ಮಂಜಿಗೂ ಅದೇ ಹೆಸರು. ಇಂದಿಗೂ ಚಿಕ್ಕ ಕನ್ನಡಿ ದೂರದರ್ಶಕವನ್ನು ಜೀಪಿನಲ್ಲಿ ಕುಲುಕಾಡಿಸಿ ತಂದು ನಿಲ್ಲಿಸಿದರೆ ಮೊದಲು ಕಾಣುವ ದೋಷ ಇದೇ. ಕನ್ನಡಿಗಳು ತಮ್ಮ ನೇರ ತಪ್ಪಿರುತ್ತವೆ, ಎಲ್ಲ ನಕ್ಷತ್ರಗಳಿಗೂ ಒಂದೇ ದಿಕ್ಕಿಗೆ ಪುಟ್ಟ ಬಾಲ ಬಂದಿರುತ್ತದೆ. ಹಿಂಭಾಗದ ತಿರುಪುಗಳನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತಾ ಹೋದರೆ ಬಾಲ ಒಳಸರಿದು ಚುಕ್ಕಿಯಾಗುತ್ತದೆ. ಝುಕ್ಕಿಯವರ ಬಳಿ ತಿರುಪೂ ಇರಲಿಲ್ಲ, ಬಾಲಕ್ಕೆ ಕಾರಣ ಹೇಳುವ ಸಿದ್ಧಾಂತವೂ ಇರಲಿಲ್ಲ. ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರಿದೆ, ಅದು ನ್ಯಾಯವೇ.

ತಲೆಯ ತೊಂದರೆಯನ್ನು ಬಗೆಹರಿಸಿದವರು ಐಸಾಕ್ ನ್ಯೂಟನ್. 1668ರಲ್ಲಿ ಅವರು ಕೊಳವೆಯೊಳಗೆ ಪುಟ್ಟದೊಂದು ಚಪ್ಪಟೆ ಕನ್ನಡಿಯನ್ನು ವಾರೆಯಾಗಿ ಇಟ್ಟು ಬೆಳಕನ್ನು ಪಕ್ಕಕ್ಕೆ ತಿರುಗಿಸಿದರು. ದೊಡ್ಡ ಕನ್ನಡಿ ನೇರವಾಗಿಯೇ ಉಳಿಯಿತು. ಆದರೆ ಅದರ ಬಾಗು ಗೋಲದ ಬಾಗು. ಗೋಲದ ಬಾಗಿನ ಕನ್ನಡಿಯಲ್ಲಿ ನಡುವಿನಿಂದ ಬಂದ ಬೆಳಕು ಒಂದು ಕಡೆ ಸೇರಿದರೆ ಅಂಚಿನಿಂದ ಬಂದದ್ದು ಇನ್ನೊಂದು ಕಡೆ ಸೇರುತ್ತದೆ. ಫೋಕಸ್ ಮಾಡಲು ಎಷ್ಟೇ ತಿರುಗಿಸಿದರೂ ಚುಕ್ಕಿಯ ಸುತ್ತ ಮಂಜು ಉಳಿದೇ ಉಳಿಯುತ್ತದೆ. ಇದೇ ಗೋಳೀಯ ವಿಪಥನ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬೇಕಾದದ್ದು ಪರವಲಯದ, ಅಂದರೆ ಪ್ಯಾರಾಬೋಲಾದ ಬಾಗು. ಸ್ಕಾಟ್ಲೆಂಡಿನ ಜೇಮ್ಸ್ ಗ್ರೆಗರಿ 1663ರಲ್ಲೇ ಕನ್ನಡಿಯ ಬಾಗು ಹೀಗಿರಬೇಕೆಂದು ಬರೆದಿದ್ದರು. ಆದರೆ ಹಾಗೆ ಉಜ್ಜಿಕೊಡುವ ಕೆಲಸಗಾರ ಲಂಡನ್ನಿನಲ್ಲೂ ಸಿಗಲಿಲ್ಲ. ಗೋಲಕ್ಕೂ ಪರವಲಯಕ್ಕೂ ಅಂಥ ಚಿಕ್ಕ ಕನ್ನಡಿಯಲ್ಲಿ ಇರುವ ವ್ಯತ್ಯಾಸ ಒಂದು ಮಿಲಿಮೀಟರಿನ ಸಾವಿರದ ಒಂದಂಶಕ್ಕಿಂತಲೂ ಕಡಿಮೆ. ಬೆರಳಿಗೆ ಸಿಗದ, ಅಳತೆಪಟ್ಟಿಗೆ ಸಿಗದ ಆ ತಪ್ಪು ನಕ್ಷತ್ರದ ಬೆಳಕಿಗೆ ಮಾತ್ರ ಸಿಗುತ್ತದೆ. 1721ರಲ್ಲಿ ಜಾನ್ ಹ್ಯಾಡ್ಲಿ ಆರು ಇಂಚಿನ ಕನ್ನಡಿಯನ್ನು ಪರವಲಯಕ್ಕೆ ತಂದು ರಾಯಲ್ ಸೊಸೈಟಿಗೆ ತೋರಿಸಿದಾಗಷ್ಟೇ ಕನ್ನಡಿ ದೂರದರ್ಶಕ ನಿಜವಾಗಿ ಕೆಲಸಕ್ಕೆ ಬಂತು.

ಈಗ ದೇವಾಲಯದ ಗಾಯನವೃಂದದಲ್ಲಿರುವವರು ಸ್ವಲ್ಪ ಗಮನ ಕೊಡಿ. ಇಂಗ್ಲೆಂಡಿನ ಬಾತ್ ಪಟ್ಟಣದ ಆಕ್ಟಗನ್ ಚಾಪೆಲಿನಲ್ಲಿ ಆರ್ಗನ್ ನುಡಿಸುತ್ತಿದ್ದ ವಿಲಿಯಂ ಹರ್ಷೆಲ್ ಬಿಡುವಿನಲ್ಲಿ ತಮ್ಮ ಕೈಯಿಂದಲೇ ಲೋಹದ ಕನ್ನಡಿಗಳನ್ನು ಎರಕ ಹೊಯ್ದು ಉಜ್ಜುತ್ತಿದ್ದರು. ಉಜ್ಜುವುದನ್ನು ನಡುವೆ ನಿಲ್ಲಿಸಿದರೆ ಮೇಲ್ಮೈ ಕೆಡುತ್ತದೆಂದು ಒಮ್ಮೆ ಹದಿನಾರು ಗಂಟೆ ಕೈ ತೆಗೆಯಲಿಲ್ಲ ಎಂದು ತಂಗಿ ಕ್ಯಾರೊಲಿನ್ ಬರೆದಿದ್ದಾರೆ. ಅಣ್ಣನ ಬಾಯಿಗೆ ತುತ್ತು ಇಟ್ಟವರೂ ಬೇಸರ ಕಳೆಯಲು ಕಥೆ ಓದಿ ಹೇಳಿದವರೂ ಅವರೇ. 1781ರಲ್ಲಿ ಯುರೇನಸ್ ಗ್ರಹ ಸಿಕ್ಕಿದ್ದು ಇಂಥ ಮನೆಯಲ್ಲೇ ಮಾಡಿದ ಆರು ಇಂಚು ಚಿಲ್ಲರೆಯ ಕನ್ನಡಿಯಲ್ಲಿ. ಬೇರೆಯವರ ದೂರದರ್ಶಕಗಳಲ್ಲಿ ನಕ್ಷತ್ರಗಳಿಗೆ ಕಿರಣ, ಮುಳ್ಳು, ಬಾಲ ಎಲ್ಲ ಇರುತ್ತಿದ್ದ ಕಾಲ ಅದು. ಊಟದ ಮೇಜಿನಲ್ಲಿ ವಿಜ್ಞಾನಿ ಹೆನ್ರಿ ಕ್ಯಾವೆಂಡಿಷ್ ಹರ್ಷೆಲ್‌ರನ್ನು, ನಿಮಗೆ ನಕ್ಷತ್ರಗಳು ದುಂಡಗೆ ಕಾಣುತ್ತವಂತೆ, ನಿಜವೇ ಎಂದು ಕೇಳಿದರಂತೆ. ಅಂಗಿಯ ಗುಂಡಿಯಷ್ಟು ಗುಂಡಗೆ ಎಂಬುದು ಹರ್ಷೆಲ್ ಕೊಟ್ಟ ಉತ್ತರವೆಂದು ಹೇಳುತ್ತಾರೆ. ಕನ್ನಡದಲ್ಲಿ ಹೇಳಿದರೆ ಇನ್ನೂ ಚೆನ್ನಾಗಿದೆ ಅಲ್ಲವೇ?

ಆದರೆ ದೊಡ್ಡ ಕನ್ನಡಿ ಹರ್ಷೆಲ್‌ರಿಗೂ ಸುಲಭವಾಗಿ ಬಗ್ಗಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ಬಗ್ಗಿದ್ದೇ ತೊಂದರೆಯಾಯಿತು. ನಲವತ್ತು ಅಡಿ ಉದ್ದದ ದೂರದರ್ಶಕಕ್ಕೆ ಎರಕ ಹೊಯ್ದ ಮೊದಲ ನಾಲ್ಕು ಅಡಿ ಕನ್ನಡಿ ನಡುವೆ ಬೇಕಾದದ್ದಕ್ಕಿಂತ ತೆಳ್ಳಗಾಗಿ, ಬಾಗನ್ನು ಹಿಡಿದು ನಿಲ್ಲಲಿಲ್ಲ. ಇನ್ನೂ ದಪ್ಪನೆಯದನ್ನು ಮಾಡಬೇಕಾಯಿತು. ಗಟ್ಟಿ ಲೋಹವೂ ತನ್ನ ಭಾರಕ್ಕೆ ತಾನೇ ಜೋಲುತ್ತದೆ, ಆ ಜೋಲು ಚುಕ್ಕಿಯಲ್ಲಿ ಕಾಣುತ್ತದೆ. ಇದಕ್ಕೆ ತಿರುಗುಮುರುಗಾದ ತಪ್ಪೂ ಉಂಟು. ಕನ್ನಡಿ ಅಲುಗಾಡಬಾರದೆಂದು ಮೂರು ಕಡೆ ಹಿಡಿಕೆಗಳನ್ನು ಬಿಗಿಯಾಗಿ ತಿರುಪಿದರೆ ನಕ್ಷತ್ರ ತ್ರಿಕೋನವಾಗುತ್ತದೆ. ಹಿಡಿಕೆ ಮತ್ತು ಕನ್ನಡಿಯ ನಡುವೆ ಒಂದು ಕಾಗದ ಸರಿದಾಡುವಷ್ಟು ಸಡಿಲ ಇರಬೇಕು ಎನ್ನುವುದು ಹವ್ಯಾಸಿಗಳ ಹಳೆಯ ಲೆಕ್ಕ.

ಕಣ್ಣಿನ ಸಂಗತಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕೇಂಬ್ರಿಜ್‌ನಲ್ಲಿದ್ದ ಜಾರ್ಜ್ ಏರಿ ಎಂಬ ಯುವಕನಿಗೆ ಎಡಗಣ್ಣಿನಲ್ಲಿ ಚುಕ್ಕಿಬೆಳಕು ಗೆರೆಯಾಗಿ ಕಾಣುತ್ತಿತ್ತು. ಸೂಜಿರಂಧ್ರದಿಂದ ಬರುವ ಬೆಳಕನ್ನು ಬೇರೆ ಬೇರೆ ದೂರದಲ್ಲಿಟ್ಟು ನೋಡಿದರು. ಒಂದು ದೂರದಲ್ಲಿ ಒಂದು ದಿಕ್ಕಿನ ಗೆರೆ, ಇನ್ನೊಂದು ದೂರದಲ್ಲಿ ಅದಕ್ಕೆ ಅಡ್ಡವಾದ ಗೆರೆ. ತಮ್ಮ ಕಣ್ಣಿನ ಬಾಗು ಎರಡು ದಿಕ್ಕಿಗೆ ಎರಡು ಬಗೆಯಾಗಿದೆ ಎಂದು ಲೆಕ್ಕಹಾಕಿ 1825ರಲ್ಲಿ ಅದಕ್ಕೆ ತಕ್ಕ ಮಸೂರ ಮಾಡಿಸಿಕೊಂಡರು. ಇಂದು ನಮ್ಮಲ್ಲಿ ಎಷ್ಟೋ ಜನರ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಎಂದು ಬರೆದಿರುತ್ತದಲ್ಲ, ಅದರ ಮೂಲ ಇದು. ಕನ್ನಡಿಗೂ ಇದೇ ಕಾಯಿಲೆ ಬರುತ್ತದೆ, ಹೆಸರೂ ಒಂದೇ, ಅಸ್ಟಿಗ್ಮ್ಯಾಟಿಸಂ. ಫೋಕಸಿನ ಒಂದು ಬದಿಯಲ್ಲಿ ನಕ್ಷತ್ರ ಉದ್ದಕ್ಕೆ, ಇನ್ನೊಂದು ಬದಿಯಲ್ಲಿ ಅಡ್ಡಕ್ಕೆ, ನಡುವೆ ಶಿಲುಬೆಯಂತೆ. ತಪ್ಪು ಕಣ್ಣಿನದ್ದೋ ಕನ್ನಡಿಯದ್ದೋ ತಿಳಿಯಲು ಯಾವ ಉಪಕರಣವೂ ಬೇಡ. ಐಪೀಸಿನ ಮುಂದೆ ತಲೆಯನ್ನು ಓರೆ ಮಾಡಿ ನೋಡಿ. ತಲೆಯ ಜೊತೆಗೆ ಗೆರೆಯೂ ತಿರುಗಿದರೆ ದೋಷ ನಮ್ಮ ಕಣ್ಣಿನಲ್ಲಿದೆ. ದೂರದರ್ಶಕವನ್ನು ಬಿಚ್ಚುವ ಮೊದಲು ಇದನ್ನು ಮಾಡುವುದು ಒಳ್ಳೆಯದು ಎಂದು ನಮ್ಮ ಅಭಿಪ್ರಾಯ. ತೊಲೆಯ ಸಾಮತಿಯೂ ನೆನಪಾಗಬಹುದು, ಅದನ್ನು ನೀವೇ ಓದಿಕೊಳ್ಳಿ.

ಇಷ್ಟಾದರೂ ಕನ್ನಡಿ ಮಾಡುವವರ ಬಳಿ ಒಂದು ಸಾಧನ ಇರಲಿಲ್ಲ. ನಕ್ಷತ್ರ ಕೆಟ್ಟದಾಗಿ ಕಂಡರೆ ಕನ್ನಡಿ ಕೆಟ್ಟಿದೆ ಎಂದು ಗೊತ್ತು. ಎಲ್ಲಿ ಕೆಟ್ಟಿದೆ ಎಂದು ಹೇಗೆ ತಿಳಿಯುವುದು? ಅದಕ್ಕೆ ಉತ್ತರ ಕೊಟ್ಟವರು ಪ್ಯಾರಿಸ್ಸಿನ ಲಿಯೋನ್ ಫೂಕೊ, 1851ರಲ್ಲಿ ಪ್ಯಾಂಥಿಯನ್‌ನ ಗುಮ್ಮಟದಿಂದ ಲೋಲಕ ತೂಗಿಸಿ ಭೂಮಿ ತಿರುಗುವುದನ್ನು ಜನರ ಕಣ್ಣಿಗೇ ತೋರಿಸಿದವರು. ಸಂತ ಜೆನೆವೀವರ ದೇವಾಲಯವಾಗಿ ಕಟ್ಟಿದ ಕಟ್ಟಡ ಅದು. 1857ರಲ್ಲಿ ಫೂಕೊ ಲೋಹವನ್ನು ಬಿಟ್ಟು ಗಾಜಿಗೆ ಬೆಳ್ಳಿ ಲೇಪಿಸಿ ಕನ್ನಡಿ ಮಾಡಿದರು. ಲೋಹದ ಕನ್ನಡಿ ಮಾಸಿದರೆ ಮತ್ತೆ ಉಜ್ಜಬೇಕು, ಉಜ್ಜಿದರೆ ಬಾಗು ಕೆಡುತ್ತದೆ. ಬೆಳ್ಳಿ ಮಾಸಿದರೆ ಬೆಳ್ಳಿಯನ್ನಷ್ಟೇ ತೊಳೆದು ಹೊಸದಾಗಿ ಲೇಪಿಸಿದರಾಯಿತು, ಗಾಜಿನ ಬಾಗು ಇದ್ದ ಹಾಗೇ ಇರುತ್ತದೆ. ಆಮೇಲೆ 1858-59ರಲ್ಲಿ ಬಂತು ಅವರ ಅಲಗಿನ ಪರೀಕ್ಷೆ. ಅದು ಎಷ್ಟು ಸರಳವೆಂದರೆ ನಂಬಲಾಗುವುದಿಲ್ಲ. ದೀಪದ ಮುಂದೆ ಸೂಜಿರಂಧ್ರದ ತಗಡು ಇಟ್ಟು, ಆ ಕೃತಕ ನಕ್ಷತ್ರವನ್ನು ಕನ್ನಡಿಯ ವಕ್ರತಾ ಕೇಂದ್ರದ ಬಳಿ ನಿಲ್ಲಿಸಬೇಕು. ಬೆಳಕು ಕನ್ನಡಿಗೆ ಹೋಗಿ ಮರಳಿ ಪಕ್ಕದಲ್ಲೇ ಚುಕ್ಕಿಯಾಗಿ ಸೇರುತ್ತದೆ. ಆ ಚುಕ್ಕಿಯನ್ನು ಒಂದು ಚಾಕುವಿನ ಅಲಗಿನಿಂದ ನಿಧಾನವಾಗಿ ಕತ್ತರಿಸುತ್ತಾ, ಅಲಗಿನ ಹಿಂದೆಯೇ ಕಣ್ಣಿಟ್ಟು ಕನ್ನಡಿಯನ್ನು ನೋಡಬೇಕು. ಬಾಗು ಸರಿಯಾದ ಗೋಲವಾಗಿದ್ದರೆ ಕನ್ನಡಿ ಇಡಿಯಾಗಿ ಒಮ್ಮೆಲೇ ಮಂಕಾಗುತ್ತದೆ. ಎಲ್ಲಾದರೂ ಉಬ್ಬು ತಗ್ಗು ಇದ್ದರೆ ಅಲ್ಲಿನ ಬೆಳಕು ಚುಕ್ಕಿಯಿಂದ ತಪ್ಪಿ ಬೇರೆ ಕಡೆ ಬೀಳುವುದರಿಂದ ಬೆಟ್ಟ ಕಣಿವೆಗಳ ನೆರಳಿನಂತೆ ಎದ್ದು ಕಾಣುತ್ತದೆ. ಪರವಲಯಕ್ಕೆ ಬೇಕಾದ ನೆರಳಿನ ಆಕಾರ ಮೊದಲೇ ಲೆಕ್ಕ ಹಾಕಿ ಇಟ್ಟುಕೊಳ್ಳಬಹುದು. ಬೆಟ್ಟ ಕಂಡಲ್ಲಿ ಮಾತ್ರ ಉಜ್ಜಿ, ಮತ್ತೆ ನೋಡಿ, ಮತ್ತೆ ಉಜ್ಜಿದರೆ ಸಾಕು. ಅದುವರೆಗೆ ಕೈಯ ವರವಾಗಿದ್ದ ವಿದ್ಯೆ ಅಂದಿನಿಂದ ಯಾರಾದರೂ ಕಲಿಯಬಹುದಾದ ವಿದ್ಯೆಯಾಯಿತು. ಇಂದಿಗೂ ಮನೆಯಲ್ಲಿ ಕನ್ನಡಿ ಉಜ್ಜುವ ಹವ್ಯಾಸಿಗಳು ಚಾಕುವಿನ ಬದಲು ಶೇವಿಂಗ್ ಬ್ಲೇಡು ಹಿಡಿದು ಇದನ್ನೇ ಮಾಡುತ್ತಾರೆ.

ಸರಿಯಾಗಿ ಉಜ್ಜಿದ ಕನ್ನಡಿಯೂ ಕೈಕೊಡುವುದುಂಟು. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಬೆಟ್ಟದ ನೂರು ಇಂಚಿನ ಹೂಕರ್ ದೂರದರ್ಶಕಕ್ಕೆ ಗಾಜು ಬಂದದ್ದು ಫ್ರಾನ್ಸಿನಿಂದ, ಸುಮಾರು ನಾಲ್ಕು ಟನ್ ತೂಕ, ಒಳಗೆಲ್ಲ ಗಾಳಿಗುಳ್ಳೆ. ಅದು ಕೆಲಸಕ್ಕೆ ಬರುವುದೋ ಇಲ್ಲವೋ ಎಂದು ಉಜ್ಜಿದವರಿಗೇ ಅನುಮಾನವಿತ್ತು. 1917ರ ನವೆಂಬರ್ 1ರ ರಾತ್ರಿ ಜಾರ್ಜ್ ಎಲರಿ ಹೇಲ್ ಮತ್ತು ವಾಲ್ಟರ್ ಆಡಮ್ಸ್ ಮೊದಲ ಬಾರಿಗೆ ಅದನ್ನು ಗುರುಗ್ರಹದತ್ತ ತಿರುಗಿಸಿದರು. ಕಂಡದ್ದು ಒಂದು ಗುರುವಲ್ಲ, ಒಂದರ ಮೇಲೊಂದು ಬಿದ್ದ ಆರೇಳು ಗುರುಗಳು. ಇಷ್ಟು ವರ್ಷಗಳ ಶ್ರಮ, ಇಷ್ಟು ಹಣ, ಯಾರೂ ಮಾತಾಡಲಿಲ್ಲ. ಆಗ ಯಾರೋ ಹಗಲಿನ ಸಂಗತಿ ವಿಚಾರಿಸಿದರು. ಕೆಲಸಗಾರರು ಗುಮ್ಮಟವನ್ನು ತೆರೆದಿಟ್ಟಿದ್ದರಿಂದ ಬಿಸಿಲು ಕನ್ನಡಿಗೆ ತಗುಲಿರಬಹುದು. ಬಿಸಿಯಾದ ಗಾಜು ಸಮನಾಗಿ ತಣಿಯದೆ ಉಬ್ಬುತಗ್ಗಾಗಿದ್ದರೆ? ಕಾಯುವುದೊಂದೇ ದಾರಿ. ಹೇಲ್ ಮಲಗಲು ಹೋದರು, ನಿದ್ದೆ ಬರಲಿಲ್ಲ, ನಡುರಾತ್ರಿ ಕಳೆದ ಮೇಲೆ ಎದ್ದು ಬಂದರು. ಆಡಮ್ಸ್ ಕೂಡ ಬಂದರು. ಒಂದು ನಕ್ಷತ್ರದತ್ತ ತಿರುಗಿಸಿದರೆ ಚುಕ್ಕಿ ಚುಕ್ಕಿಯಾಗಿಯೇ ನಿಂತಿತ್ತು. ಮುಂದೆ ಎಡ್ವಿನ್ ಹಬಲ್ ಬೇರೆ ಗ್ಯಾಲಕ್ಸಿಗಳ ದೂರ ಅಳೆದದ್ದು ಇದೇ ಕನ್ನಡಿಯಲ್ಲಿ. ಆ ರಾತ್ರಿ ಅತಿಥಿಯಾಗಿ ಬಂದಿದ್ದ ಕವಿ ಆಲ್ಫ್ರೆಡ್ ನಾಯ್ಸ್ ಖಗೋಳ ವಿಜ್ಞಾನಿಗಳ ಮೇಲೆ ಒಂದು ದೀರ್ಘ ಕಾವ್ಯವನ್ನೇ ಬರೆದರು. ಅವರು 1927ರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿದರು. ದೂರದರ್ಶಕವನ್ನು ಒಳಗಿನಿಂದ ಹೊರಗೆ ತಂದ ತಕ್ಷಣ ನಕ್ಷತ್ರ ಕುದಿಯುವಂತೆ ಕಂಡರೆ ಏನನ್ನೂ ತಿರುಪಬೇಡಿ, ಒಂದು ಗಂಟೆ ಹೊರಗೆ ತಣಿಯಲು ಬಿಡಿ. ಹೇಲ್ ಮಾಡಿದ್ದೂ ಅಷ್ಟೇ.

ನಮ್ಮ ಹತ್ತಿರದಲ್ಲೂ ಇಂಥ ಕೆಲಸ ನಡೆದಿದೆ. ಹೊಸೂರಿನಿಂದ ಕೃಷ್ಣಗಿರಿ ದಾಟಿ ಹೋದರೆ ಜವ್ವಾದಿ ಬೆಟ್ಟಗಳಲ್ಲಿ ಕಾವಲೂರು ಸಿಗುತ್ತದೆ. ಅಲ್ಲಿನ 2.34 ಮೀಟರ್ ವೇಣು ಬಾಪು ದೂರದರ್ಶಕ 1986ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅದರ ಕನ್ನಡಿಯನ್ನು ಉಜ್ಜಿ ಬಾಗು ತಂದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ, ಎ. ಪಿ. ಜಯರಾಜನ್ ಅವರ ಮಾರ್ಗದರ್ಶನದಲ್ಲಿ.

ಈಗ ಆ ನೆನಪಿಟ್ಟುಕೊಂಡ ಹೆಸರಿಗೆ ಬರೋಣ. 1990ರ ಏಪ್ರಿಲ್ 24ರಂದು ಅಮೆರಿಕದ ನಾಸಾ ಸಂಸ್ಥೆ ಹಬಲ್ ಬಾಹ್ಯಾಕಾಶ ದೂರದರ್ಶಕವನ್ನು ಮೇಲೇರಿಸಿತು. 2.4 ಮೀಟರ್ ಕನ್ನಡಿ, ಅದುವರೆಗೆ ಮಾಡಿದ ಕನ್ನಡಿಗಳಲ್ಲಿ ಅತಿ ನಯವಾದವುಗಳಲ್ಲಿ ಒಂದು. ಗಾಳಿಯ ಕುದಿತವಿಲ್ಲ, ಬಿಸಿಲಿಗೆ ತೆರೆದಿಡುವ ಗುಮ್ಮಟವಿಲ್ಲ, ತೂಕಕ್ಕೆ ಜೋಲುವ ಮಾತೂ ಇಲ್ಲ. ಮೇ 20ರಂದು ಮೊದಲ ಚಿತ್ರ ಬಂತು. ನಕ್ಷತ್ರದ ನಡುವೆ ಸಣ್ಣ ಚುಕ್ಕಿ, ಸುತ್ತ ಮಂಜು, ಮಂಜಿನಲ್ಲಿ ಎಳೆ ಎಳೆ. ಮೊದಲು ಎಲ್ಲರೂ ಅಂದುಕೊಂಡದ್ದು ಫೋಕಸ್ ಕೂಡಿಲ್ಲ ಎಂದೇ. ಚಿಕ್ಕ ಕನ್ನಡಿಯನ್ನು ಹಿಂದೆ ಮುಂದೆ ಸರಿಸಿದರು. ಯಾವ ಸ್ಥಾನದಲ್ಲೂ ಚುಕ್ಕಿ ಕೂಡಲಿಲ್ಲ. ನ್ಯೂಟನ್ ಕಾಲದ ಅದೇ ಗೋಳೀಯ ವಿಪಥನ! ನಕ್ಷತ್ರದ ಬೆಳಕಿನಲ್ಲಿ ನೂರಕ್ಕೆ ಎಪ್ಪತ್ತು ಪಾಲು ನಡುವಿನ ಚುಕ್ಕಿಯಲ್ಲಿ ಸೇರಬೇಕಿತ್ತು, ಸೇರುತ್ತಿದ್ದದ್ದು ಹದಿನೈದರಷ್ಟು. ಜೂನ್ 27ರಂದು ನಾಸಾ ಇದನ್ನು ಲೋಕಕ್ಕೆ ತಿಳಿಸಿತು. ಪತ್ರಿಕೆಗಳು ಆಡಿಕೊಂಡು ನಕ್ಕವು.

ವಿಜ್ಞಾನಿಗಳು ಮಾಡಿದ ಕೆಲಸ ಏರಿಯ ಸೂಜಿರಂಧ್ರದ ಕೆಲಸದಂತೆಯೇ ಇದೆ. ಫೋಕಸಿನ ಈಚೆ ಆಚೆ ಬೇಕೆಂದೇ ಸರಿಸಿ ತೆಗೆದ ನಕ್ಷತ್ರಗಳ ಆಕಾರದಿಂದ ಕನ್ನಡಿಯ ಬಾಗನ್ನು ಹಿಂದುಮುಂದಾಗಿ ಲೆಕ್ಕ ಹಾಕಿದರು. ಕನ್ನಡಿಯ ಅಂಚು ಇರಬೇಕಾದದ್ದಕ್ಕಿಂತ 2.2 ಮೈಕ್ರಾನ್‌ನಷ್ಟು ಹೆಚ್ಚು ಚಪ್ಪಟೆ. ಕೂದಲೆಳೆಯ ಐವತ್ತರಲ್ಲಿ ಒಂದಂಶದಷ್ಟು. ಅದೇ ಹೊತ್ತಿಗೆ ಲ್ಯೂ ಆಲೆನ್ ಅವರ ಅಧ್ಯಕ್ಷತೆಯ ತನಿಖಾ ಸಮಿತಿ ಕನೆಟಿಕಟ್‌ನ ಡ್ಯಾನ್‌ಬರಿಯಲ್ಲಿ ಕನ್ನಡಿ ಉಜ್ಜಿದ ಪರ್ಕಿನ್-ಎಲ್ಮರ್ ಕಂಪನಿಯ ಕಾರ್ಯಾಗಾರಕ್ಕೆ ಹೋಯಿತು. ಬಾಗನ್ನು ಪರೀಕ್ಷಿಸಲು ಬಳಸಿದ ಉಪಕರಣ ಇನ್ನೂ ಹಾಗೆಯೇ ಇತ್ತು. ಅಳೆದು ನೋಡಿದರೆ ಅದರೊಳಗಿನ ಒಂದು ಮಸೂರ 1.3 ಮಿಲಿಮೀಟರ್ ಸರಿದು ಕೂತಿದೆ. ಅಷ್ಟು ಸರಿದರೆ ಕನ್ನಡಿಯಲ್ಲಿ ಎಷ್ಟು ತಪ್ಪು ಬರಬೇಕೋ ಅಷ್ಟೇ ತಪ್ಪನ್ನು ಆಕಾಶದ ನಕ್ಷತ್ರಗಳು ಹೇಳುತ್ತಿದ್ದವು.

ಸರಿದದ್ದು ಹೇಗೆ? ಆ ಮಸೂರದ ಜಾಗ ಗುರುತಿಸಲು ಒಂದು ಲೋಹದ ಕಡ್ಡಿಯ ತುದಿಗೆ ಲೇಸರ್ ಬೆಳಕು ತಾಗಿಸಿ ಅಳೆಯಬೇಕಿತ್ತು. ಕಡ್ಡಿಯ ತುದಿಗೆ ತೂತಿರುವ ಒಂದು ಟೋಪಿ, ಟೋಪಿಗೆ ಬೆಳಕು ಮರಳದಂಥ ಬಣ್ಣ. ಬಣ್ಣ ಒಂದು ಕಡೆ ಚಕ್ಕೆ ಎದ್ದಿತ್ತು. ಲೇಸರ್ ಕಡ್ಡಿಗೆ ತಾಗುವ ಬದಲು ಅಲ್ಲಿಂದಲೇ ಮರಳಿತು. ಅದರಂತೆ ಕೂರಿಸಲು ಹೋದಾಗ ಮಸೂರ ಅಷ್ಟು ಕೆಳಗೆ ಇಳಿಯಲೇ ಇಲ್ಲ. ಕೆಲಸಗಾರರು ನಡುವೆ ವಾಷರ್‌ಗಳನ್ನು ಇಟ್ಟು ಕೂರಿಸಿದರು. ನಮಗೆ ಇದಕ್ಕಿಂತ ನೋವಾಗುವ ಸಂಗತಿ ಬೇರೆ ಇದೆ. ಅದೇ ಕನ್ನಡಿಯನ್ನು ಬೇರೆ ಎರಡು ಉಪಕರಣಗಳಿಂದಲೂ ನೋಡಿದ್ದರು, ಎರಡೂ ತಪ್ಪಿದೆ ಎಂದೇ ಹೇಳಿದ್ದವು. ಅವು ಅಷ್ಟು ನಿಖರವಲ್ಲ, ನಮ್ಮ ಮುಖ್ಯ ಉಪಕರಣವೇ ಸರಿ ಎಂದು ಅವುಗಳ ಮಾತನ್ನು ಬದಿಗಿಟ್ಟರು. ಇಡೀ ದೂರದರ್ಶಕವನ್ನು ಜೋಡಿಸಿ ಒಂದು ಕೃತಕ ನಕ್ಷತ್ರವನ್ನು ನೋಡುವ ಪರೀಕ್ಷೆಯನ್ನು ಖರ್ಚು ಹೆಚ್ಚೆಂದು ಮಾಡಲೇ ಇಲ್ಲ. ಕನ್ನಡಿ ಅತ್ಯಂತ ನಯವಾಗಿ, ಅತ್ಯಂತ ನಿಖರವಾಗಿ, ತಪ್ಪು ಆಕಾರಕ್ಕೆ ಉಜ್ಜಿಕೊಂಡಿತು.

ಆಗ ನೆಲದಿಂದ ಸುಮಾರು 600 ಕಿಲೋಮೀಟರ್ ಮೇಲೆ ಸುತ್ತುತ್ತಿದ್ದ ಕನ್ನಡಿಯನ್ನು ಮತ್ತೆ ಉಜ್ಜುವಂತಿರಲಿಲ್ಲ. ಆದರೆ ತಪ್ಪು ಎಷ್ಟೆಂದು ಅಷ್ಟು ನಿಖರವಾಗಿ ಗೊತ್ತಾದ್ದರಿಂದ ಅದಕ್ಕೆ ಸರಿಯಾಗಿ ಎದುರಾದ ತಪ್ಪನ್ನು ಪುಟ್ಟ ಕನ್ನಡಿಗಳಲ್ಲಿ ಉಜ್ಜಬಹುದಿತ್ತು, ಏರಿ ತಮ್ಮ ಕಣ್ಣಿಗೆ ಮಾಡಿಸಿದ ಮಸೂರದಂತೆ. ಆ ಕನ್ನಡಿಗಳನ್ನು ಬೆಳಕಿನ ದಾರಿಗೆ ತರುವುದು ಹೇಗೆ ಎಂಬ ಉಪಾಯ ಎಂಜಿನಿಯರ್ ಜೇಮ್ಸ್ ಕ್ರಾಕರ್‌ಗೆ ಹೊಳೆದದ್ದು ಜರ್ಮನಿಯ ಹೋಟೆಲೊಂದರ ಸ್ನಾನದ ಕೋಣೆಯಲ್ಲಿ, ಕಂಬಿಯ ಮೇಲೆ ಮೇಲೆ ಕೆಳಗೆ ಸರಿಯುವ ಶವರ್ ನೋಡಿ. ನಾಣ್ಯದಷ್ಟು ಅಗಲದ ಹತ್ತು ಕನ್ನಡಿಗಳನ್ನು ಮಡಚುವ ತೋಳುಗಳಿಗೆ ಕೂರಿಸಿದ ಆ ಪೆಟ್ಟಿಗೆಯ ಹೆಸರು ಕೋಸ್ಟಾರ್. ಮುಖ್ಯ ಕ್ಯಾಮೆರಾವನ್ನು ತಿದ್ದುಪಡಿ ಒಳಗೇ ಇರುವಂತೆ ಹೊಸದಾಗಿ ಮಾಡಿದರು. 1993ರ ಡಿಸೆಂಬರಿನಲ್ಲಿ, ಅಂದರೆ ಆಗಮನ ಕಾಲದಲ್ಲೇ, ಎಂಡೆವರ್ ನೌಕೆಯಲ್ಲಿ ಹೋದವರು ಐದು ದಿನ ಐದು ಬಾರಿ ಹೊರಗಿಳಿದು ಕೆಲಸ ಮಾಡಿದರು. ಸ್ಟೋರಿ ಮಸ್‌ಗ್ರೇವ್ ಮತ್ತು ಜೆಫ್ರಿ ಹಾಫ್‌ಮನ್ ಕ್ಯಾಮೆರಾ ಬದಲಿಸಿದರು, ಕ್ಯಾಥರಿನ್ ಥಾರ್ನ್‌ಟನ್ ಮತ್ತು ಥಾಮಸ್ ಏಕರ್ಸ್ ಕೋಸ್ಟಾರ್ ಕೂರಿಸಿದರು. ಅದಕ್ಕೆ ಜಾಗ ಮಾಡಲು ನಕ್ಷತ್ರಗಳ ಬೆಳಕಿನ ಪ್ರಮಾಣದಲ್ಲಿ ಕ್ಷಿಪ್ರವಾಗಿ ಆಗುವ ಏರಿಳಿತ ಅಳೆಯುತ್ತಿದ್ದ ಒಂದು ಉಪಕರಣವನ್ನು ಕಿತ್ತು ತರಬೇಕಾಯಿತು. ವರ್ಷಗಟ್ಟಲೆ ಅದನ್ನು ಕಟ್ಟಿದವರ ನಷ್ಟದ ಬಗ್ಗೆ ಹೆಚ್ಚು ಜನ ಬರೆಯುವುದಿಲ್ಲ. 1994ರ ಜನವರಿ 13ರಂದು ಹೊಸ ಚಿತ್ರಗಳು ಹೊರಬಂದವು. ಚುಕ್ಕಿಗಳು ಚುಕ್ಕಿಗಳಾಗಿದ್ದವು.

ಮುಂದೆ ಬಂದ ಉಪಕರಣಗಳೆಲ್ಲ ತಮ್ಮೊಳಗೇ ತಿದ್ದುಪಡಿ ಇಟ್ಟುಕೊಂಡು ಬಂದದ್ದರಿಂದ ಕೋಸ್ಟಾರ್ ಬೇಡವಾಯಿತು. 2009ರಲ್ಲಿ ಅದನ್ನು ಕೆಳಗೆ ತಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಹಬಲ್‌ಗೆಂದು ಕೊಡಾಕ್ ಕಂಪನಿ ಹೆಚ್ಚುವರಿಯಾಗಿ ಮಾಡಿಟ್ಟಿದ್ದ ಇನ್ನೊಂದು ಕನ್ನಡಿಯೂ ಅದೇ ಸಂಗ್ರಹಾಲಯದಲ್ಲಿದೆ. ಅದರ ಬಾಗು ಸರಿಯಾಗಿಯೇ ಇದೆ. ಹೊಳಪಿನ ಲೇಪ ಮಾತ್ರ ಅದಕ್ಕೆ ಎಂದೂ ಹಚ್ಚಲಿಲ್ಲ, ಆದ್ದರಿಂದ ನೋಡಲು ಹೋದವರಿಗೆ ಗಾಜಿನ ಒಳಗಿನ ಜೇನುಗೂಡಿನಂಥ ಕಟ್ಟಡ ಕಾಣುತ್ತದೆ.